ಚೀಟಿ ಅಂಟಿಸುತ್ತಿದ್ದ ಹುಡುಗ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಪೋರ್ಟ್ಸ್‌ಮತ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ 1812ರ ಫೆಬ್ರವರಿ 7ರಂದು ಚಾರ್ಲ್ಸ್ ಡಿಕನ್ಸ್ ಜನಿಸಿದನು. ತಂದೆ ಜಾನ್ ನೌಕಾಪಡೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಮನೆಯಲ್ಲಿ ಮಕ್ಕಳು ಹಲವರು. ಖರ್ಚು ಸಂಬಳವನ್ನು ಮೀರುತ್ತಿತ್ತು. ಬಾಲಕ ಚಾರ್ಲ್ಸ್‌ಗೆ ಪುಸ್ತಕಗಳೆಂದರೆ ಪ್ರಾಣ.

ಮುಂದೆ ಅವರು ಲಂಡನ್ನಿಗೆ ಬಂದು ನೆಲೆಸಿದರು. ಸಾಲ ಬೆಳೆಯುತ್ತಲೇ ಹೋಯಿತು. ಆಗ ಸಾಲ ತೀರಿಸಲಾಗದವರನ್ನು ಸೆರೆಮನೆಗೆ ಹಾಕುತ್ತಿದ್ದರು. 1824ರಲ್ಲಿ ತಂದೆ ಮಾರ್ಷಲ್‌ಸೀ ಸೆರೆಮನೆ ಸೇರಿದನು. ತಾಯಿಯೂ ಚಿಕ್ಕ ಮಕ್ಕಳೂ ಅಲ್ಲಿಯೇ ಹೋಗಿ ವಾಸಿಸಬೇಕಾಯಿತು. ಹನ್ನೆರಡು ವರ್ಷದ ಚಾರ್ಲ್ಸ್ ಹೊರಗೆ ಬಾಡಿಗೆ ಕೋಣೆಯಲ್ಲಿ ಉಳಿದನು. ಬೂಟಿಗೆ ಹಚ್ಚುವ ಕಪ್ಪು ಬಣ್ಣದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಬಣ್ಣದ ಕುಡಿಕೆಗಳ ಬಾಯಿಗೆ ಕಾಗದ ಕಟ್ಟಿ, ಮೇಲೆ ಚೀಟಿ ಅಂಟಿಸಬೇಕು. ದಿನಕ್ಕೆ ಹತ್ತು ಗಂಟೆ ದುಡಿದರೆ ವಾರಕ್ಕೆ ಸಿಗುತ್ತಿದ್ದುದು ಆರು ಷಿಲಿಂಗ್ ಮಾತ್ರ. ಆ ಹಳೆಯ ಕಟ್ಟಡದ ತುಂಬ ಇಲಿಗಳು ಓಡಾಡುತ್ತಿದ್ದವು.

ಕೆಲವು ತಿಂಗಳುಗಳಲ್ಲಿ ತಂದೆಗೆ ಬಿಡುಗಡೆಯಾಯಿತು. ಆಮೇಲೆ ಚಾರ್ಲ್ಸ್ ಮತ್ತೆ ಶಾಲೆಗೆ ಹೋದನು. ಹದಿನೈದನೆಯ ವಯಸ್ಸಿಗೆ ವಕೀಲರ ಕಚೇರಿ ಸೇರಿದನು. ಶೀಘ್ರಲಿಪಿ ಕಲಿತು ಪತ್ರಿಕೆಯ ವರದಿಗಾರನಾದನು. ಬಳಿಕ ಕಾದಂಬರಿಗಳನ್ನು ಬರೆದು ಹೆಸರುವಾಸಿಯಾದನು. ಅನಾಥ ಬಾಲಕನೊಬ್ಬನ ಕಥೆಯಾದ 'ಆಲಿವರ್ ಟ್ವಿಸ್ಟ್' ಅವುಗಳಲ್ಲಿ ಒಂದು.

1843ರಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರಕಾರದ ವರದಿಯೊಂದು ಬಂದಿತು. ಅದನ್ನು ಓದಿ ಡಿಕನ್ಸ್‌ನ ಮನಸ್ಸು ಕಲಕಿತು. ಮೊದಲು ಕರಪತ್ರವೊಂದನ್ನು ಬರೆಯಬೇಕೆಂದುಕೊಂಡನು. ಆದರೆ ಕಥೆಯು ಜನರ ಹೃದಯವನ್ನು ಇನ್ನೂ ಚೆನ್ನಾಗಿ ಮುಟ್ಟುವುದೆಂದು ಅವನಿಗೆ ತೋರಿತು. ಆರೇ ವಾರಗಳಲ್ಲಿ 'ಎ ಕ್ರಿಸ್‌ಮಸ್ ಕ್ಯಾರಲ್' ಸಿದ್ಧವಾಯಿತು.

ಸ್ಕ್ರೂಜ್ ಎಂಬವನು ಕಡು ಜಿಪುಣ. ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿ, ಸತ್ತುಹೋದ ಅವನ ಪಾಲುದಾರ ಮಾರ್ಲಿಯ ಭೂತ ಸರಪಳಿ ಎಳೆಯುತ್ತ ಬರುತ್ತದೆ. ಅನಂತರ ಮೂರು ಭೂತಗಳು ಬಂದು ಅವನ ಹಿಂದಿನ, ಇಂದಿನ ಮತ್ತು ಮುಂದಿನ ಬಾಳನ್ನು ತೋರಿಸುತ್ತವೆ. ತನ್ನ ಗುಮಾಸ್ತನ ಕುಂಟ ಮಗ ಪುಟ್ಟ ಟಿಮ್ ಬದುಕಲಾರನೆಂದು ಕಂಡು ಸ್ಕ್ರೂಜ್ ಮರುಗುತ್ತಾನೆ. ಬೆಳಗಾಗುವಷ್ಟರಲ್ಲಿ ಉದಾರಿಯಾಗುತ್ತಾನೆ. ಟಿಮ್ ಬದುಕುತ್ತಾನೆ.

ಡಿಕನ್ಸ್ 1870ರ ಜೂನ್ 9ರಂದು ತೀರಿಕೊಂಡನು. ಅವನು ಕಾರ್ಖಾನೆಯಲ್ಲಿ ದುಡಿದ ಸಂಗತಿ ಓದುಗರಿಗೆ ತಿಳಿದದ್ದು ಆಮೇಲೆಯೇ. ಬದುಕಿರುವಾಗ ಅವನು ಅದನ್ನು ಮುಚ್ಚಿಟ್ಟಿದ್ದನು.

ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1901ರಲ್ಲಿ ರಾಬರ್ಟ್ ಪಾಲ್ ಎಂಬವರು ಅದನ್ನು ಚಲನಚಿತ್ರವಾಗಿ ತಯಾರಿಸಿದರು. ವಾಲ್ಟರ್ ಬೂತ್ ನಿರ್ದೇಶಕರು. ಅದು ಮಾತಿಲ್ಲದ ಮೂಕಿ ಚಿತ್ರ. ಮಕ್ಕಳೇ, ಅದರಲ್ಲಿ ಭೂತವನ್ನು ಹೇಗೆ ತೋರಿಸಿದರು ಗೊತ್ತೆ? ಒಂದೇ ಫಿಲ್ಮಿನ ಮೇಲೆ ಎರಡು ಚಿತ್ರಗಳನ್ನು ಮೂಡಿಸಿದರು. ಆಗ ಸ್ಕ್ರೂಜ್‌ನ ಮನೆಬಾಗಿಲಿನ ಮೇಲೆ ಮಾರ್ಲಿಯ ಮುಖ ಕಾಣಿಸಿತು! ಆ ಚಿತ್ರದ ಸುಮಾರು ಮೂರೂವರೆ ನಿಮಿಷಗಳಷ್ಟು ಭಾಗ ಉಳಿದುಕೊಂಡಿದೆ. ಬಳಿಕವೂ ಈ ಕಥೆ ಹಲವು ಬಾರಿ ಚಲನಚಿತ್ರವಾಯಿತು.

ಚೀಟಿ ಅಂಟಿಸುತ್ತಿದ್ದ ಹುಡುಗನು ಬಡ ಮಕ್ಕಳ ನೋವನ್ನು ಮರೆಯಲಿಲ್ಲ. ಅವನ ಕಥೆಯನ್ನು ಲೋಕವೂ ಮರೆಯಲಿಲ್ಲ.