ಚಕ್ರ ಕಳಚಿ ಹಾರಿದ ಒಂಟಿಗಣ್ಣಿನ ಪೈಲಟ್

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿದರೆ ಗಾಳಿ ಹಿಂದಕ್ಕೆ ತಳ್ಳುತ್ತದಲ್ಲ, ಅದೇ ಡ್ರ್ಯಾಗ್. ವೇಗ ಎರಡು ಪಟ್ಟಾದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ. ಹಳೆಯ ಪುಟ್ಟ ವಿಮಾನಗಳ ಹೊಟ್ಟೆಯಡಿ ಸದಾ ಜೋತಾಡುತ್ತಿದ್ದ ಚಕ್ರಗಳು ಹೀಗೆ ಚಾಚಿದ ಕೈಗಳೇ. 1930ರ ದಶಕದಲ್ಲಿ ಅವಕ್ಕೆ ನೀರಹನಿ ಆಕಾರದ ಕವಚ, ಅಂದರೆ ಫೇರಿಂಗ್ ತೊಡಿಸಿ ವೇಗ ಹೆಚ್ಚಿಸುತ್ತಿದ್ದರು. ಅಮೆರಿಕದ ವೈಲಿ ಪೋಸ್ಟ್ ಇನ್ನೂ ಮುಂದೆ ಹೋದ. ನೆಲ ಬಿಟ್ಟ ಮೇಲೆ ಚಕ್ರಗಳನ್ನೇ ಕಳಚಿ ಬೀಳಿಸಿದ.

1898ರಲ್ಲಿ ಟೆಕ್ಸಸ್‌ನ ರೈತ ಕುಟುಂಬದಲ್ಲಿ ಹುಟ್ಟಿದ ಪೋಸ್ಟ್ ಶಾಲೆಯಲ್ಲಿ ಓದಿದ್ದು ಕಡಿಮೆ. ದರೋಡೆ ಪ್ರಕರಣದಲ್ಲಿ ಜೈಲನ್ನೂ ಕಂಡ. 1926ರಲ್ಲಿ ತೈಲಬಾವಿಯ ಕೆಲಸದಲ್ಲಿ ಲೋಹದ ಚೂರು ಸಿಡಿದು ಎಡಗಣ್ಣು ಹೋಯಿತು. ಪರಿಹಾರದ ಹಣದಲ್ಲಿ ಆತ ಕೊಂಡಿದ್ದು ವಿಮಾನ! ಒಂದೇ ಕಣ್ಣಿನಲ್ಲಿ ದೂರ ಅಂದಾಜು ಮಾಡುವುದನ್ನು ತಾನೇ ಕಲಿತ.

'ವಿನ್ನಿ ಮೇ' ಎಂಬ ಲಾಕ್‌ಹೀಡ್ ವೇಗಾ ವಿಮಾನದಲ್ಲಿ 1931ರಲ್ಲಿ ಹೆರಾಲ್ಡ್ ಗ್ಯಾಟಿ ಜೊತೆ ಎಂಟೂಮುಕ್ಕಾಲು ದಿನಕ್ಕೂ ಕಡಿಮೆ ಅವಧಿಯಲ್ಲಿ ಭೂಮಿ ಸುತ್ತಿದ. 1933ರಲ್ಲಿ ಒಬ್ಬನೇ ಹೊರಟು ಎಂಟು ದಿನದೊಳಗೆ ಮುಗಿಸಿದ. ಹಾಗೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಪೈಲಟ್ ಆತನೇ.

ಆಮೇಲೆ ಅವನ ಕಣ್ಣು ಮೇಲಿನ ತೆಳುಗಾಳಿಯ ಮೇಲೆ ಬಿತ್ತು. ಅಲ್ಲಿ ತಡೆ ಕಡಿಮೆ, ಆದರೆ ಉಸಿರಾಡುವುದು ಕಷ್ಟ. ಮರದ ಮೈಯ ವೇಗಾದೊಳಗೆ ಒತ್ತಡ ತುಂಬಿ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ರಬ್ಬರಿನ ಒತ್ತಡದ ಉಡುಪು ಮಾಡಿಸಿ ತಾನೇ ತೊಟ್ಟ. ಎಂಜಿನ್‌ಗೆ ಸೂಪರ್‌ಚಾರ್ಜರ್ ಸೇರಿಸಿದ. ಕಳಚುವ ಚಕ್ರ ಬಂದದ್ದೂ ಆಗಲೇ. ವಾಪಸ್ ಇಳಿಯಲು ಹೊಟ್ಟೆಯಡಿ ಜಾರುವ ಸ್ಕಿಡ್ ಇತ್ತು. 1935ರ ಮಾರ್ಚ್‌ನಲ್ಲಿ ಬರ್ಬ್ಯಾಂಕ್‌ನಿಂದ ಕ್ಲೀವ್‌ಲ್ಯಾಂಡ್‌ವರೆಗಿನ ಸುಮಾರು 3,275 ಕಿ.ಮೀ. ದೂರವನ್ನು 7 ಗಂಟೆ 19 ನಿಮಿಷದಲ್ಲಿ ಕ್ರಮಿಸಿದ. ಎತ್ತರದ ವೇಗದ ಗಾಳಿ, ಅಂದರೆ ಜೆಟ್ ಸ್ಟ್ರೀಮ್, ಬೆನ್ನಿಗೆ ನಿಂತಿತ್ತು. ಆದರೆ ನಾಲ್ಕು ಬಾರಿ ಯತ್ನಿಸಿದರೂ ಪಶ್ಚಿಮದಿಂದ ಪೂರ್ವ ಕರಾವಳಿ ಮುಟ್ಟಲಾಗಲಿಲ್ಲ.

ಅದೇ ವರ್ಷ ಆಗಸ್ಟ್ 15ರಂದು ಅಲಾಸ್ಕದಲ್ಲಿ ಕಥೆ ಮುಗಿಯಿತು. ಬೇರೆ ಬೇರೆ ವಿಮಾನಗಳ ಮೈ, ರೆಕ್ಕೆ ಜೋಡಿಸಿದ ವಿಮಾನವದು. ನೀರಿನ ಮೇಲಿಳಿಯಲು ಚಕ್ರದ ಜಾಗದಲ್ಲಿ ಭಾರಿ ಫ್ಲೋಟ್ ಕಟ್ಟಿದ್ದ. ಮೂತಿ ಭಾರವಾಗಿತ್ತು. ನೀರು ಬಿಟ್ಟು ಮೇಲೇಳುತ್ತಿದ್ದಂತೆ ಎಂಜಿನ್ ನಿಂತಿತು, ವಿಮಾನ ಮೂತಿಯಡಿ ಬಿತ್ತು. ಜೊತೆಗಿದ್ದ ಹಾಸ್ಯಗಾರ ವಿಲ್ ರೋಜರ್ಸ್ ಕೂಡ ಸತ್ತ. ಪೋಸ್ಟ್‌ಗೆ ಆಗ 36 ವರ್ಷ.

ಬಿಇ ಓದುತ್ತಿರುವ ನನಗೆ ಈ ಎರಡೂ ವಿಮಾನಗಳು ಪಾಠವೇ. ಬೇಡದ ಭಾಗ ತೆಗೆಯುವ ಧೈರ್ಯ ಎಂಜಿನಿಯರ್‌ಗೆ ಬೇಕು. ಆದರೆ ಒಂದು ಭಾಗ ಬದಲಿಸಿದಾಗ ಇಡೀ ವಿಮಾನದ ತೂಕ ಎತ್ತ ವಾಲಿತು ಎಂದು ಮತ್ತೆ ಲೆಕ್ಕ ಹಾಕುವ ತಾಳ್ಮೆಯೂ ಬೇಕು. ಧೈರ್ಯ ಪೋಸ್ಟ್‌ಗೆ ಧಾರಾಳವಾಗಿತ್ತು. ನಾನು ಲ್ಯಾಬ್‌ನಲ್ಲಿ ಕುಳಿತು ಕಲಿಯಬೇಕಿರುವುದು ಆ ತಾಳ್ಮೆಯನ್ನು.