ಆರ್ಗನನ್ನು ಮೂಕಮಾಡಿದ ವಾದ್ಯಗಾರನು

ಹಾರ್ಮೋನಿಯಂ ಇಲ್ಲದೆ ಆರಾಧನೆಗೆ ಕಳೆಯಿಲ್ಲವೆಂದು ಕೆಲವರೂ, ಅದರ ಸ್ವರಕ್ಕೆ ಮನಸ್ಸು ಚದರಿಹೋಗುವದೆಂದು ಬೇರೆ ಕೆಲವರೂ ವಾದಿಸುವದುಂಟು. ವಾದ್ಯಗಳನ್ನು ಬಹಳವಾಗಿ ಪ್ರೀತಿಸಿಯೂ ದೇವಾಲಯದಲ್ಲಿ ಅವುಗಳನ್ನು ನಿಲ್ಲಿಸಿಬಿಟ್ಟ ಒಬ್ಬ ಬೋಧಕನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಹುಲ್ದ್ರಿಚ್ ಜ್ವಿಂಗ್ಲಿಯು 1484ನೇ ಜನವರಿ 1ರಂದು ಸ್ವಿಟ್ಜರ್ಲೆಂಡಿನ ವಿಲ್ಡ್‌ಹೌಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಊರಿನ ಗೌಡನು. ಹುಡುಗನು ಬೆರ್ನ್ ಪಟ್ಟಣದಲ್ಲಿ ಓದುತ್ತಿದ್ದಾಗ ಅಲ್ಲಿಯ ಸನ್ಯಾಸಿಗಳು ಅವನ ಸಂಗೀತಕ್ಕೆ ಮರುಳಾಗಿ ಅವನನ್ನು ತಮ್ಮ ಮಠದಲ್ಲಿ ಇಟ್ಟುಕೊಳ್ಳಲಿಚ್ಛಿಸಿದರು, ಮನೆಯವರು ಒಪ್ಪಲಿಲ್ಲ. ಕಿನ್ನರಿ, ಪಿಟೀಲು, ಕೊಳಲು, ವೀಣೆಯನ್ನು ಹೋಲುವ ಲೂಟ್, ಇವೆಲ್ಲವೂ ಅವನ ಕೈಗೆ ವಶವಾಗಿದ್ದವು. ವಿರೋಧಿಗಳು ಇದನ್ನೇ ಹಿಡಿದು ಅವನನ್ನು ಹಾಸ್ಯಮಾಡಿದರು. ಅವನಾದರೋ ಮನೆಯಲ್ಲಿ ಮಕ್ಕಳನ್ನು ಸಂತೈಸಲು ತಂತಿ ಮೀಟುವದನ್ನು ಬಿಡಲಿಲ್ಲ.

1519ರಲ್ಲಿ ಜೂರಿಚ್ ಪಟ್ಟಣದ ದೊಡ್ಡ ದೇವಾಲಯಕ್ಕೆ ಬೋಧಕನಾಗಿ ಬಂದನು. ಅದೇ ವರುಷ ಪ್ಲೇಗು ಬಂದಿತು. ರೋಗಿಗಳನ್ನು ನೋಡಿಕೊಳ್ಳುತ್ತಾ ತಾನೂ ಹಾಸಿಗೆ ಹಿಡಿದು, ಸಾವಿನ ಬಾಗಲಿನಿಂದ ತಿರಿಗಿ ಬಂದನು. ಆ ವ್ಯಾಧಿಯ ವಿಷಯವಾಗಿ ಪ್ರಾರ್ಥನಾರೂಪವಾದ ಒಂದು ಪದವನ್ನು ರಚಿಸಿ ರಾಗವನ್ನೂ ಕಟ್ಟಿದನು.

ಇಂಥವನು ದೇವಾಲಯದ ಸಂಗೀತವನ್ನು ಏಕೆ ತೆಗೆಸಿದನು? ಆ ಕಾಲದಲ್ಲಿ ಯಾಜಕರು ಸಂಬಳಕ್ಕಾಗಿ ಲತೀನ್ ಭಾಷೆಯಲ್ಲಿ ಹಾಡುತ್ತಿದ್ದರು; ಒಕ್ಕಲಿಗರಿಗೂ ಕೂಲಿಯವರಿಗೂ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕಿವಿಗೆ ಇಂಪಾದದ್ದು ದೇವರಿಗೂ ಇಂಪೆಂದು ಎಣಿಸುವದು ಸುಲಭ. ಸಂಗೀತದ ಈ ಸೆಳೆತವನ್ನು ವಾದ್ಯಗಾರನಿಗಿಂತ ಚೆನ್ನಾಗಿ ಯಾರು ಬಲ್ಲರು? ಪೌಲನು ಕೊಲೊಸ್ಸೆಯವರಿಗೆ ಬರೆದ ಮಾತು ಹೃದಯದೊಳಗಿನ ಹಾಡನ್ನು ಕುರಿತದ್ದೆಂದು ಜ್ವಿಂಗ್ಲಿಯು ಅರ್ಥಮಾಡಿದನು. 1524ರಲ್ಲಿ ಜೂರಿಚಿನ ಆರ್ಗನುಗಳು ಸುಮ್ಮನಾದವು. 1527ರಲ್ಲಿ ದೊಡ್ಡ ದೇವಾಲಯದ ಆರ್ಗನನ್ನು ಒಡೆದು ತೆಗೆದರು. ಹಾಡುವದೂ ನಿಂತಿತು.

ಅವನ ಶುದ್ಧ ಮನಸ್ಸನ್ನು ನಾವು ಸಂದೇಹಿಸುವದಿಲ್ಲ. ಆದರೂ ಬಾಯಿ ಮುಚ್ಚಿದ ಮಾತ್ರಕ್ಕೆ ಹೃದಯ ತೆರೆಯುವದೆಂದು ನಮಗೆ ತೋರುವದಿಲ್ಲ. ಮೌನವಾಗಿ ಕೂತವನ ಮನಸ್ಸು ಹೊಲದ ಬೇಲಿಯ ಮೇಲೂ ನೆರೆಯವನೊಡನೆ ಇರುವ ವ್ಯಾಜ್ಯದ ಮೇಲೂ ಇರಬಹುದಷ್ಟೆ. ಜ್ವಿಂಗ್ಲಿಯು ತಾನೇ ಓದಿದ ಬಾಸೆಲ್ ಪಟ್ಟಣದಲ್ಲಿ ಅವನ ಸ್ನೇಹಿತನಾದ ಎಕೊಲಂಪಾಡಿಯನ ಸಭೆಯವರು 1526ರಲ್ಲಿ ತಮ್ಮ ಸ್ವಂತ ಭಾಷೆಯಲ್ಲಿ ಕೀರ್ತನೆಗಳನ್ನು ಹಾಡತೊಡಗಿದರು. 1834ರಲ್ಲಿ ನಮ್ಮ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ್ದು ಇದೇ ಬಾಸೆಲ್.

ಜ್ವಿಂಗ್ಲಿಯಾದರೋ ಸಂಗೀತವನ್ನು ದ್ವೇಷಿಸಲಿಲ್ಲ. 1531ನೇ ಹೊಸ ವರುಷದ ದಿನ ಜೂರಿಚಿನಲ್ಲಿ ಆಡಿದ ಒಂದು ಗ್ರೀಕ್ ನಾಟಕಕ್ಕೆ ಅವನೇ ಸಂಗೀತವನ್ನು ಕಟ್ಟಿದನು. ಅದೇ ಅಕ್ಟೋಬರ್ 11ರಂದು, ಪಟ್ಟಣದ ದಂಡಿನೊಡನೆ ಹೋಗಿ, ಕಾಪೆಲ್ ಎಂಬಲ್ಲಿ ಯುದ್ಧದಲ್ಲಿ ಮಡಿದನು. ಆಗ ಅವನಿಗೆ 47 ವರುಷ. ಜೂರಿಚಿನ ಸಭೆಯವರು ದೇವಾಲಯದಲ್ಲಿ ತಿರಿಗಿ ಬಾಯಿ ತೆರೆದು ಹಾಡಿದ್ದು 1598ರಲ್ಲಿ. ಆರ್ಗನಿಗಾದರೋ ಹತ್ತೊಂಭತ್ತನೆಯ ಶತಮಾನದ ವರೆಗೆ ಅಲ್ಲಿ ಸ್ಥಳ ದೊರೆಯಲಿಲ್ಲ.