ಅಂಡಾಣುವನ್ನು ಕಂಡ ಕಾರ್ಲ್ ವಾನ್ ಬೇರ್

ಮಕ್ಕಳೇ, ಕೋಳಿ ಕಾವಿಗೆ ಕೂತು ಸುಮಾರು 21 ದಿನಗಳಾದ ಮೇಲೆ ಮೊಟ್ಟೆಯೊಡೆದು ಮರಿ ಹೊರಬರುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮರಿ ಎಲ್ಲಿಂದ ಬಂತು ಎಂದು ಕೇಳಿದರೆ ಮೊಟ್ಟೆಯಿಂದ ಎಂದು ಥಟ್ಟನೆ ಹೇಳುತ್ತೀರಿ. ಆದರೆ ಹಸು, ಮೇಕೆ, ನಾಯಿಗಳು ಮೊಟ್ಟೆಯಿಡುವುದಿಲ್ಲ. ಮನುಷ್ಯರೂ ಅಷ್ಟೆ. ಹಾಗಾದರೆ ತಾಯಿಯ ಒಡಲಲ್ಲಿ ನಾವೆಲ್ಲ ಯಾವುದರಿಂದ ಆರಂಭವಾದೆವು? ಸುಮಾರು 200 ವರ್ಷಗಳ ಹಿಂದಿನವರೆಗೆ ಅದನ್ನು ಕಣ್ಣಾರೆ ಕಂಡು ಹೇಳಬಲ್ಲವರು ಯಾರೂ ಇರಲಿಲ್ಲ. ಅದನ್ನು ಕಂಡು ಜಗತ್ತಿಗೆ ತೋರಿಸಿದವರು ಕಾರ್ಲ್ ಅರ್ನ್ಸ್ಟ್ ವಾನ್ ಬೇರ್.

ಯೂರೋಪಿನ ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಎಸ್ಟೋನಿಯ ಎಂಬ ಪುಟ್ಟ ದೇಶವಿದೆ. ಆಗ ಅದು ರಷ್ಯದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಬೇರ್ ಅಲ್ಲಿ 1792ರಲ್ಲಿ ಜನಿಸಿದರು. ಮನೆಯಲ್ಲಿ ಹತ್ತು ಮಕ್ಕಳು. ಮಕ್ಕಳಿಲ್ಲದ ದೊಡ್ಡಪ್ಪನ ಮನೆಯಲ್ಲಿ ಬೇರ್ ತಮ್ಮ ಬಾಲ್ಯದ ಮೊದಲ ವರ್ಷಗಳನ್ನು ಕಳೆದರು. ಮುಂದೆ ಟಾರ್ಟು ನಗರದ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1814ರಲ್ಲಿ ಪದವಿ ಪಡೆದರು. ಆದರೆ ಅವರಿಗೆ ವೈದ್ಯವೃತ್ತಿ ರುಚಿಸಲಿಲ್ಲ. ಜೀವಿಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ತಿಳಿಯುವ ಹಂಬಲದಿಂದ ಅವರು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರಕ್ಕೆ ಹೋದರು.

ಅಲ್ಲಿನ ಗುರುಗಳಾದ ಡೋಲಿಂಗರ್ ಒಂದು ಕೆಲಸ ಸೂಚಿಸಿದರು. ಕಾವು ಕೊಟ್ಟ ಕೋಳಿಮೊಟ್ಟೆಗಳನ್ನು ಒಂದೊಂದಾಗಿ ಒಡೆದು, ಒಳಗೆ ಮರಿ ಬೆಳೆಯುವ ಬಗೆಯನ್ನು ಗಮನಿಸಬೇಕಿತ್ತು. ಅದಕ್ಕೆ ರಾಶಿ ಮೊಟ್ಟೆಗಳು ಬೇಕು, ಕಾವು ನೋಡಿಕೊಳ್ಳಲು ಒಬ್ಬ ಆಳೂ ಬೇಕು. ಅಷ್ಟು ಹಣ ಬೇರ್ ಅವರಲ್ಲಿ ಇರಲಿಲ್ಲ! ಆ ಕೆಲಸವನ್ನು ಅವರು ತಮ್ಮ ಸಿರಿವಂತ ಗೆಳೆಯ ಪಾಂಡರ್‌ಗೆ ಒಪ್ಪಿಸಿದರು. ಮೊಟ್ಟೆ ಕೊಳ್ಳಲಾಗದ ಅದೇ ತರುಣ ಮುಂದೆ ಎಲ್ಲಕ್ಕಿಂತ ಅಪರೂಪದ ಮೊಟ್ಟೆಯೊಂದನ್ನು ಕಂಡುಹಿಡಿದ ಕಥೆ ಕೇಳಿ.

ಬೇರ್ 1817ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೆಲಸಕ್ಕೆ ಸೇರಿದರು. ಸಸ್ತನಿಗಳಲ್ಲೂ ಮೊಟ್ಟೆಯಂಥದು ಇರಲೇಬೇಕೆಂದು ಹಿಂದಿನವರು ಊಹಿಸಿದ್ದರು. ಹಾಲೆಂಡಿನ ರೆಗ್ನಿಯರ್ ಡಿ ಗ್ರಾಫ್ ಎಂಬ ವೈದ್ಯ 1672ರಲ್ಲಿ ಅಂಡಾಶಯದ ಮೇಲೆ ನೀರು ತುಂಬಿದ ಗುಳ್ಳೆಗಳಿರುವುದನ್ನು ವಿವರಿಸಿ, ಅವೇ ಮೊಟ್ಟೆಗಳೆಂದು ಭಾವಿಸಿದ್ದರು. ಆದರೆ ಒಂದು ತೊಡಕಿತ್ತು. ಗರ್ಭಕೋಶದತ್ತ ಸಾಗುವ ನಾಳದಲ್ಲಿ ಕಾಣುತ್ತಿದ್ದ ವಸ್ತು ಈ ಗುಳ್ಳೆಗಿಂತ ಬಹಳ ಚಿಕ್ಕದು! ದೊಡ್ಡ ಗುಳ್ಳೆ ಚಿಕ್ಕದಾಗುವುದು ಹೇಗೆ? ಈ ಒಗಟು 150 ವರ್ಷ ಬಿಡಿಸಲಾಗದೆ ಉಳಿದಿತ್ತು.

ಹೊಳೆಯ ಮೂಲ ಹುಡುಕುವವರು ನೀರು ಹರಿದು ಬಂದ ಕಡೆಗೆ ನಡೆಯುತ್ತಾರಲ್ಲವೆ? ಬೇರ್ ಕೂಡ ಹಾಗೆಯೇ ಹಿಂದಕ್ಕೆ ಹಿಂದಕ್ಕೆ ಹೋದರು. ನಾಯಿಗಳಲ್ಲಿ ಮೊದಲು ಬೆಳೆದ ಭ್ರೂಣಗಳನ್ನು ನೋಡಿದರು. ಆಮೇಲೆ ಅದಕ್ಕಿಂತ ಎಳೆಯವನ್ನು, ಆಮೇಲೆ ನಾಳದಲ್ಲಿದ್ದ ಪುಟ್ಟ ಚುಕ್ಕಿಗಳನ್ನು ನೋಡಿದರು. ಇನ್ನು ಉಳಿದದ್ದು ಅಂಡಾಶಯ ಮಾತ್ರ. 1827ರಲ್ಲಿ ಅವರ ಹಿರಿಯ ಸಹೋದ್ಯೋಗಿ ಬುರ್ಡಾಕ್ ತಮ್ಮ ಮನೆಯ ಹೆಣ್ಣು ನಾಯಿಯನ್ನೇ ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಆ ನಾಯಿ ವಿಜ್ಞಾನಕ್ಕಾಗಿ ಪ್ರಾಣ ತೆತ್ತಿತು. ಅದರ ಅಂಡಾಶಯದ ಗುಳ್ಳೆಯೊಳಗೆ ಬೇರ್ ಅವರಿಗೆ ಒಂದು ಹಳದಿ ಚುಕ್ಕಿ ಕಂಡಿತು. ಅದನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವರೇ ಸಿಡಿಲು ಬಡಿದಂತೆ ಹಿಂದೆ ಸರಿದರು. ಅಷ್ಟು ಸ್ಪಷ್ಟವಾಗಿ ಒಂದು ಪುಟ್ಟ ಗೋಳ ಅಲ್ಲಿತ್ತು! ತಮ್ಮ ಕಣ್ಣೇ ಮೋಸ ಮಾಡಿತೇನೋ ಎಂಬ ಅಳುಕಿನಿಂದ ಸ್ವಲ್ಪ ಸುಧಾರಿಸಿಕೊಂಡು ಮತ್ತೊಮ್ಮೆ ನೋಡಿದರು. ಅದು ಹಾಗೆಯೇ ಇತ್ತು. ಗುಳ್ಳೆ ಮೊಟ್ಟೆಯಲ್ಲ, ಮೊಟ್ಟೆಯ ಮನೆ ಎಂದು ಆಗ ತಿಳಿಯಿತು.

ಮನುಷ್ಯರ ಅಂಡಾಣುವಿನ ಅಗಲ ಸುಮಾರು 0.1 ಮಿಲಿಮೀಟರ್, ಅಂದರೆ ಈ ವಾಕ್ಯದ ಕೊನೆಯ ಚುಕ್ಕಿಗಿಂತಲೂ ಚಿಕ್ಕದು. ಪಕ್ವವಾದ ಗುಳ್ಳೆಯ ಅಗಲವಾದರೋ ಸುಮಾರು 20 ಮಿಲಿಮೀಟರ್. ದೊಡ್ಡದನ್ನು ಕಂಡವರು ಒಳಗಿನ ಚಿಕ್ಕದನ್ನು ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ದೊಡ್ಡ ವಿಜ್ಞಾನಿಯೂ ಒಂದು ಕಡೆ ಎಡವಿದರು. ತಂದೆಯಿಂದ ಬರುವ ವೀರ್ಯಾಣುಗಳಿಗೆ ಸ್ಪರ್ಮಟೊಜೋವ ಎಂಬ ಹೆಸರಿಟ್ಟವರೂ ಅವರೇ. ಆದರೆ ಅವು ಪರಾವಲಂಬಿ ಜೀವಿಗಳೆಂದು ಅವರು ತಿಳಿದಿದ್ದರು. ಆಸ್ಕರ್ ಹರ್ಟ್‌ವಿಗ್ ಎಂಬ ಜರ್ಮನ್ ವಿಜ್ಞಾನಿ ಕಡಲಜೀವಿಯೊಂದರ ಮೊಟ್ಟೆಗಳನ್ನು ಗಮನಿಸಿ, ವೀರ್ಯಾಣುವಿನ ಮತ್ತು ಅಂಡಾಣುವಿನ ಕೋಶಕೇಂದ್ರಗಳು ಒಂದಾಗುವುದನ್ನು 1876ರಲ್ಲಿ ಪ್ರಕಟಿಸಿದರು. ತಾಯಿ ತಂದೆ ಇಬ್ಬರ ಪಾಲೂ ಸೇರಿ ಹೊಸ ಜೀವ ಆರಂಭವಾಗುತ್ತದೆ ಎಂಬುದು ಹೀಗೆ ಖಚಿತವಾಯಿತು. ಅದೇ ವರ್ಷ ನವೆಂಬರ್ 28ರಂದು ಬೇರ್ ಟಾರ್ಟುವಿನಲ್ಲಿ ತೀರಿಕೊಂಡರು.

ಬೇರ್ ಅವರಿಗೆ ತಿಳಿಯದೆ ಉಳಿದ ಇನ್ನೊಂದು ಸಂಗತಿಯಿತ್ತು. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಯ ಅಂಡಾಣುಗಳಿರುತ್ತವೆ. ಅವು ವರ್ಷಗಟ್ಟಲೆ ಸುಮ್ಮನಿದ್ದು, ಹದಿಹರೆಯ ಬಂದಾಗ ತಿಂಗಳಿಗೆ ಸಾಮಾನ್ಯವಾಗಿ ಒಂದರಂತೆ ಪಕ್ವವಾಗುವುದು ಏಕೆ? ಇದನ್ನು ನಡೆಸುವವು ರಕ್ತದ ಮೂಲಕ ಸಂದೇಶ ಒಯ್ಯುವ ರಾಸಾಯನಿಕಗಳು. ಅವುಗಳಿಗೆ ಹಾರ್ಮೋನ್ ಎಂಬ ಹೆಸರು ಬಂದದ್ದೇ 1905ರಲ್ಲಿ, ಬೇರ್ ತೀರಿಕೊಂಡು 29 ವರ್ಷಗಳ ಬಳಿಕ.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದರ ಹಾರ್ಮೋನು ತಲುಪಿದಾಗ ಅಂಡಾಶಯದ ಗುಳ್ಳೆ ಬೆಳೆಯುತ್ತದೆ. ಬೆಳೆದ ಗುಳ್ಳೆ ಈಸ್ಟ್ರೋಜನ್ ಸ್ರವಿಸುತ್ತದೆ. ಪಿಟ್ಯುಟರಿಯಿಂದ ಮತ್ತೊಂದು ಹಾರ್ಮೋನು ಒಮ್ಮೆಲೆ ಹೆಚ್ಚಾಗಿ ಬಂದಾಗ ಗುಳ್ಳೆ ಒಡೆದು ಅಂಡಾಣು ಹೊರಡುತ್ತದೆ. ಒಡೆದ ಗುಳ್ಳೆಯೂ ವ್ಯರ್ಥವಲ್ಲ. ಅದು ಪ್ರೊಜೆಸ್ಟರಾನ್ ತಯಾರಿಸಿ, ಗರ್ಭಕೋಶದ ಒಳಪದರವನ್ನು ಮಗುವಿಗಾಗಿ ಮೆತ್ತನೆ ಹಾಸಿಗೆಯಂತೆ ಸಿದ್ಧವಾಗಿಡುತ್ತದೆ. ಭ್ರೂಣ ಬಂದು ನೆಲೆಸದಿದ್ದರೆ ಹಾರ್ಮೋನುಗಳು ಇಳಿದು ಆ ಪದರ ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು. ಗಂಡುಮಕ್ಕಳಲ್ಲೂ ಪಿಟ್ಯುಟರಿಯ ಕರೆಗೆ ವೃಷಣಗಳು ಟೆಸ್ಟೊಸ್ಟಿರೋನ್ ಸ್ರವಿಸುತ್ತವೆ. ಆಗ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ.

ಆದ್ದರಿಂದ ಮಕ್ಕಳೇ, ಮುಟ್ಟು ಹೊಲಸೂ ಅಲ್ಲ, ಮೈಲಿಗೆಯೂ ಅಲ್ಲ. ನಾಚಿಕೆ ಪಡಬೇಕಾದ್ದು ಅದರಲ್ಲಿ ಏನೂ ಇಲ್ಲ. ಗಂಡುಮಕ್ಕಳು ಅದನ್ನು ಹಾಸ್ಯ ಮಾಡುವುದು ಸರಿಯಲ್ಲ. ಹೆಣ್ಣುಮಕ್ಕಳೇ, ಮೊದಲ ಸಲ ಮುಟ್ಟಾದಾಗ ಹೆದರಬೇಡಿ. ಅಮ್ಮನಿಗೋ ಟೀಚರಿಗೋ ಹೇಳಿ. ಶುಚಿಯಾದ ಬಟ್ಟೆ ಅಥವಾ ಪ್ಯಾಡ್ ಬಳಸಿ, ಚೆನ್ನಾಗಿ ಊಟ ಮಾಡಿ, ಶಾಲೆಗೂ ಬನ್ನಿ.

ಮುಂದೆ ಮನೆಯಲ್ಲಿ ಹಸಿ ಕೋಳಿಮೊಟ್ಟೆ ಒಡೆದಾಗ ಹಳದಿ ಭಾಗದ ಮೇಲೆ ಒಂದು ಸಣ್ಣ ಬಿಳಿ ಚುಕ್ಕಿ ಹುಡುಕಿ. ಮರಿ ಬೆಳೆಯುವುದಾದರೆ ಅಲ್ಲಿಂದಲೇ. ಅದನ್ನು ನೋಡುವಾಗ, ಇನ್ನೂ ಚಿಕ್ಕದೊಂದು ಚುಕ್ಕಿಯನ್ನು ಎರಡೆರಡು ಸಲ ನೋಡಿ ಖಚಿತಪಡಿಸಿಕೊಂಡ ಕಾರ್ಲ್ ವಾನ್ ಬೇರ್ ಅವರನ್ನು ನೆನೆಯಿರಿ.